ಖಾಲಿ ಫೇಡರ್

ನಮ್ಮ ಮೃದಂಗದವನು ಇವತ್ತು ಬಂದಿಲ್ಲ. ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೀನಿ.

2012ರ ಮೇ ತಿಂಗಳು. ವೆಸ್ಟ್ ಮಾಂಬಲಂನಲ್ಲಿ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಒಂದು ಮಹಡಿ ಮನೇಲಿ ನಾಲ್ಕು ಜನ ಇದ್ದೆವು. ಗಿಟಾರು, ಪಿಟೀಲು, ಮೃದಂಗ. ಹಾಡೋದೂ ಲ್ಯಾಪ್‌ಟಾಪ್ ನೋಡಿಕೊಳ್ಳೋದೂ ನಾನು. ಪಕ್ಕದ ಸ್ಟೇಷನ್ನೇ ಕೋಡಂಬಾಕ್ಕಂ. ರೆಹಮಾನ್ ಅಲ್ಲಿ 1989ರಲ್ಲಿ ಮನೆಯ ಹಿತ್ತಲಲ್ಲೇ ಸ್ಟುಡಿಯೊ ಕಟ್ಟಿದ್ದರು. 1992ಕ್ಕೆ ‘ರೋಜಾ’ ಬಂತು. ನಮಗೆ ಹಿತ್ತಲಿರಲಿಲ್ಲ, ಬೆಡ್‌ರೂಮು ಸಾಕು ಅಂದುಕೊಂಡೆವು.

ಅಗ್ನಿ ನಕ್ಷತ್ರದ ಸೆಕೆ. ಫ್ಯಾನ್ ಹಾಕಿದರೆ ಮೈಕಿಗೆ ಗಾಳಿಸದ್ದು, ಕಿಟಕಿ ತೆಗೆದರೆ ಮಾಂಬಲಂ ಸೊಳ್ಳೆ. ಎರಡೂ ಬಂದ್ ಮಾಡಿ, ಕಿಟಕಿಗೆ ರಜಾಯಿ ಕಟ್ಟಿ ಕೂತೆವು. ಚಾರ್ಜರ್ ಸಿಕ್ಕಿಸಿದ್ದರೆ ಹೆಡ್‌ಫೋನಿನಲ್ಲಿ ಗುಂಯ್ ಅನ್ನೋದು. ಹಾಗಾಗಿ ಬ್ಯಾಟರಿ ಇರುವಷ್ಟು ಹೊತ್ತೇ ರೆಕಾರ್ಡಿಂಗು.

ಎರಡೇ ಮೈಕು ಹಿಡಿಯುವ ಸಣ್ಣ ಇಂಟರ್‌ಫೇಸ್. ಮೊದಲ ಸರದಿ ಮೃದಂಗದ್ದು. ಅವನು ಕೆಳಗಿನ ಮನೆ ಮಾಮಿಯ ಹತ್ತಿರ ಒಂದು ಹಿಡಿ ರವೆ ಇಸಕೊಂಡು ಬಂದ. ನೀರಲ್ಲಿ ಕಲಸಿ, ಎಡಗಡೆಯ ತೊಪ್ಪಿಗೆ ಮೆತ್ತಿ, ತಟ್ಟಿ ನೋಡಿ, ಚೂರು ಕಿತ್ತು, ಮತ್ತೆ ಮೆತ್ತಿ, ಅರ್ಧ ಗಂಟೆ ಅದೇ ಕೆಲಸ. ಕೊನೆಗೆ ಅಂಗೈ ಒತ್ತಿ ಒಂದು ಗುಮ್ಕಿ ಎಳೆದ ನೋಡಿ, ನೆಲಕ್ಕಿಟ್ಟ ನೀರಿನ ಲೋಟ ನಡುಗಿತು.

ಲೋಟ ನಡುಗಿಸೋಕೆ ಇನ್ನೊಬ್ಬರೂ ಇದ್ದರು. ಲೋಕಲ್ ರೈಲು ನಿಂತ ಮೇಲೂ ಎಗ್ಮೋರಿನ ದೂರದ ಗಾಡಿಗಳು ನಿಲ್ಲೋದಿಲ್ಲ. ಕಿವಿಗೆ ಅಷ್ಟಾಗಿ ಕೇಳದ ಗುಡುಗುಡು ನೆಲದಿಂದ ಸ್ಟ್ಯಾಂಡಿಗೆ, ಸ್ಟ್ಯಾಂಡಿನಿಂದ ಮೈಕಿಗೆ ಏರೋದು. ನಾನು ಎಲ್ಲ ಟ್ರ್ಯಾಕಿನಲ್ಲೂ 150 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿಬಿಟ್ಟೆ. ರೈಲು ಮಾಯ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪಿಟೀಲಿನವನಿಗೆ ಬೇರೆ ಗೋಳು. ತಾನು ನುಡಿಸಿದ್ದು ತನ್ನ ಕಿವಿಗೆ ತಡವಾಗಿ ಬರ್ತಿದೆ ಅಂದ. ಬಫರ್ 1024 ಇತ್ತು. ಅಲ್ಲೇ 23 ಮಿಲಿಸೆಕೆಂಡ್ ಹೋಗುತ್ತೆ. 128ಕ್ಕೆ ಇಳಿಸಿದರೆ ಮೂರೇ ಮಿಲಿಸೆಕೆಂಡು, ಆದರೆ ಬಡಪಾಯಿ ಲ್ಯಾಪ್‌ಟಾಪು ಏದುಸಿರು ಬಿಡೋಕೆ ಶುರುಮಾಡಿತು. ಅದಕ್ಕೂ ಒಂದು ದಿಂಬು ಅಡ್ಡ ಇಟ್ಟೆವು.

ಜಗಳ ಶುರುವಾದದ್ದು ಮಿಕ್ಸಿಂಗಿನಲ್ಲಿ. “ಗಿಟಾರು ಸ್ವಲ್ಪ ಮೇಲೆ.” “ಹಾಗಾದ್ರೆ ಪಿಟೀಲೂ.” ಎಲ್ಲರೂ ಏರಿ ಏರಿ ಮಾಸ್ಟರ್ ಮೀಟರಿನ ಕೆಂಪು ಆರಲೇ ಇಲ್ಲ. ತಿಂಡಿ ಹೊತ್ತಿಗೆ ಮಾಮಿಗೆ ಕೇಳಿಸಿದೆವು. ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದವರು. ಹಾಡುವವರು, ವಾದ್ಯದವರು ಒಂದೇ ಹಾಲಿನಲ್ಲಿ ಕೂತು, ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ ನುಡಿಸುತ್ತಿದ್ದ ಕಾಲದ ಸಿನಿಮಾ ಹಾಡು ಕೇಳಿದ ಕಿವಿ.

“ಎಲ್ಲಾ ಚೆನ್ನಾಗಿದೆ ಕಣಪ್ಪಾ. ನೀನೇನು ಹಾಡ್ತಿದ್ದೀಯ ಅಂತ ಮಾತ್ರ ತಿಳೀಲಿಲ್ಲ.”

ಅವತ್ತು ರಾತ್ರಿ ನನ್ನ ದನಿ ಬಿಟ್ಟು ಉಳಿದದ್ದನ್ನೆಲ್ಲ ಮೂರು ಡೆಸಿಬೆಲ್ ಇಳಿಸಿದೆ. ಹಾಡಿಗೆ ಉಸಿರಾಡೋಕೆ ಜಾಗ ಸಿಕ್ಕಿತು. ಇಬ್ಬರು ಒಪ್ಪಿದರು. ಮೃದಂಗದವನು ಮಾತ್ರ ತಲೆ ಆಡಿಸಿದ. “ನನ್ನದು ಇಲ್ಲವೇ ಇಲ್ಲ ಕಣೋ.”

ಮೂರನೇ ರಾತ್ರಿ ನಿದ್ದೆಗೆಟ್ಟಿತ್ತು. ಏನೂ ಇಲ್ಲದ ಒಂದು ಖಾಲಿ ಟ್ರ್ಯಾಕ್ ಮಾಡಿ ‘ಮೃದಂಗ 3’ ಅಂತ ಹೆಸರಿಟ್ಟು, ಅವನ ಕಣ್ಣೆದುರೇ ಅದರ ಫೇಡರನ್ನು ಮೇಲೆ ತಳ್ಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. “ಹಾಂ, ಈಗ ಸ್ವಲ್ಪ ಪರವಾಗಿಲ್ಲ” ಅಂದ. ನಗು ತಡೆಯೋಕೆ ನಾನು ಬಚ್ಚಲಿಗೆ ಓಡಿದ್ದೆ.

ಹೋದ ತಿಂಗಳು ಹಳೇ ಹಾರ್ಡ್ ಡಿಸ್ಕ್ ಸಿಕ್ಕಿತು. ಒಳ್ಳೇ ಹೆಡ್‌ಫೋನಿನಲ್ಲಿ ಕೇಳಿದೆ. ಬಲಗೈ ನುಡಿ ಮುತ್ತಿನ ಹಾಗಿದೆ. ಎಡಗೈಯ ಗುಮ್ಕಿ ಎಲ್ಲಿ? ರೈಲು ಓಡಿಸಿದ ಕತ್ತರಿಗೆ ಅದೂ ಸಿಕ್ಕಿಹೋಗಿತ್ತು. ಅರ್ಧ ಗಂಟೆ ರವೆ ಮೆತ್ತಿ ತಂದದ್ದನ್ನು ನಾನು ಒಂದು ಗುಂಡಿ ಒತ್ತಿ ಕಳೆದಿದ್ದೆ.

ಆ ಕಡಿತ ತೆಗೆದು ನೋಡಿದೆ. ರೈಲೂ ಬಂತು, ಗುಮ್ಕಿಯೂ ಬಂತು. ಅವನಿಗೆ ಕಳಿಸಬೇಕು. ಕಳಿಸಿದರೆ “ಆಗ ಏನು ಮಾಡಿದ್ದೆ?” ಅಂತ ಕೇಳ್ತಾನಲ್ಲ, ಅದಕ್ಕೇ ಇನ್ನೂ ಕಳಿಸಿಲ್ಲ.