ಮೇಜಿನಡಿಯ ಟ್ರಿಮ್ಮರ್: ದಿನಚರಿಯ ಪುಟಗಳು

ಹಾಸನ, ಜೂನ್ 2, 2024, ಭಾನುವಾರ

ಸಕಲೇಶಪುರದ ಚಿಕ್ಕಪ್ಪ ಸಿಲ್ವರ್ ಓಕ್ ಹಲಗೆ ಕಳಿಸಿದ್ದಾರೆ. ಕಾಫಿಗೆ ನೆರಳಾಗಲೆಂದು ನೆಟ್ಟ ಮರ, ಗಾಳಿಗೆ ಬಿದ್ದದ್ದನ್ನು ಕೊಯ್ಸಿ ಒಣಗಿಸಿಟ್ಟಿದ್ದರಂತೆ. ಹಗುರ, ಮೆದು, ಕಲಿಯುವವರ ಕೈಗೆ ಹೇಳಿ ಮಾಡಿಸಿದಂಥದ್ದು. ಮೊದಲು ಫೋಟೋ ಚೌಕಟ್ಟುಗಳು ಆಗಬೇಕು. ಗಾಜು ಕೂರಲು ಹಿಂಬದಿಯ ಅಂಚಿನುದ್ದಕ್ಕೂ ಒಂದೇ ಆಳದ ಕಚ್ಚು ಬೇಕು. ಎರಡಿಂಚು ಅಗಲದ ಪಟ್ಟಿಯ ಮೇಲೆ ಟ್ರಿಮ್ಮರನ್ನು, ಅಂದರೆ ಬಿಟ್ ತಿರುಗಿಸಿ ಅಂಚು ಕೊರೆಯುವ ನನ್ನ ಪುಟ್ಟ ರೌಟರನ್ನು, ಕೈಯಲ್ಲಿ ನಡೆಸಿದರೆ ವಾಲುತ್ತದೆ, ಅದರ ತಳವೇ ಪಟ್ಟಿಗಿಂತ ಅಗಲ. ಯಂತ್ರವನ್ನು ಮೇಜಿನಡಿ ತಲೆಕೆಳಗಾಗಿ ಬಿಗಿದು, ಮರವನ್ನು ಅದರ ಮೇಲೆ ನಡೆಸುವುದೇ ಸರಿ.

ಸಿದ್ಧ ರೌಟರ್ ಟೇಬಲ್ಲಿನ ಬೆಲೆ ವಿಚಾರಿಸಿದೆ. ಟ್ರಿಮ್ಮರಿಗಿಂತ ಮೇಜೇ ದುಬಾರಿ! ನಾನೇ ಮಾಡಿಕೊಳ್ಳುತ್ತೇನೆ.

ಜೂನ್ 5, ಬುಧವಾರ

ಕಾಲೇಜಿನಿಂದ ಬರುವಾಗ ಮಾಡ್ಯುಲರ್ ಕಿಚನ್ ಮಾಡುವವರ ಶೆಡ್ಡಿಗೆ ಹೋದೆ. ಮೂಲೆಯಲ್ಲಿ ರಾಶಿ ಬಿದ್ದ ತುಂಡುಗಳಲ್ಲಿ 18 ಎಂ.ಎಂ. ಪ್ಲೈವುಡ್ಡಿನ ಒಂದು ಚೆನ್ನಾದ ತುಂಡು ಸಿಕ್ಕಿತು, ಹೆಚ್ಚುಕಡಿಮೆ 60 ಸೆಂ.ಮೀ. ಉದ್ದ, 45 ಅಗಲ. 300 ರೂಪಾಯಿ. ಎರಡೂ ಬದಿಗೆ ಸನ್‌ಮೈಕಾ ಅಂಟಿಸಿದ್ದನ್ನೇ ಹುಡುಕಿ ತೆಗೆದೆ. ಒಂದೇ ಬದಿಗೆ ಅಂಟಿಸಿದ್ದರೆ ಈ ಮಳೆಗಾಲದಲ್ಲಿ ಬರಿಯ ಬದಿ ತೇವ ಕುಡಿದು ಹಲಗೆ ಬಾಗುತ್ತದೆ. ಉಕ್ಕಿನ ಸ್ಕೇಲನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ ನೋಡಿದೆ, ಅಡಿಯಲ್ಲಿ ಬೆಳಕು ಕಾಣಲಿಲ್ಲ. ಮೇಜಿನ ಮೈ ನೋಡಲು ಹೇಗಿದ್ದರೂ ನಡೆದೀತು, ಸಮತಟ್ಟಾಗಿರಬೇಕು ಅಷ್ಟೆ.

ಟ್ರಿಮ್ಮರನ್ನು ಬಿಗಿಯುವ ಫಲಕಕ್ಕೆಂದು ನಾಮಫಲಕದ ಅಂಗಡಿಯಲ್ಲಿ 6 ಎಂ.ಎಂ. ಅಕ್ರಿಲಿಕ್ ತುಂಡು ಕತ್ತರಿಸಿಕೊಟ್ಟರು. ನನ್ನ ಟ್ರಿಮ್ಮರ್ ತೂಗುವುದು ಒಂದೂವರೆ ಕಿಲೋ, ಅದಕ್ಕೆ ಅಕ್ರಿಲಿಕ್ ಸಾಕು. ಅರ್ಧ ಇಂಚು ಬಿಟ್ ಹಿಡಿಯುವ ದೊಡ್ಡ ರೌಟರುಗಳನ್ನು ನೇತುಹಾಕಿದರೆ ಅದು ದಿನ ಕಳೆದಂತೆ ಜೋತುಬೀಳುತ್ತದೆ. ಅವಕ್ಕೆ ಅಲ್ಯೂಮಿನಿಯಂನಂಥ ಗಟ್ಟಿ ಫಲಕವೇ ಆಗಬೇಕು.

ಜೂನ್ 9, ಭಾನುವಾರ

ಇಡೀ ದಿನ ಮೇಜಿನ ಕೆಲಸವೇ. ಟ್ರಿಮ್ಮರಿನ ಪ್ಲಾಸ್ಟಿಕ್ ತಳ ಬಿಚ್ಚಿ, ಅದನ್ನೇ ಅಚ್ಚಾಗಿ ಇಟ್ಟುಕೊಂಡು ಅಕ್ರಿಲಿಕ್ಕಿನ ಮೇಲೆ ಸ್ಕ್ರೂ ತೂತುಗಳನ್ನು ಗುರುತಿಸಿದೆ. ಸ್ಕ್ರೂ ತಲೆಗಳು ಮೇಲ್ಮೈಗಿಂತ ಕೆಳಗೇ ಇಳಿಯುವಂತೆ ತೂತಿನ ಬಾಯಿ ಅಗಲಿಸಿದೆ, ಇಲ್ಲದಿದ್ದರೆ ಮರ ಅಲ್ಲಿಗೆ ಬಂದು ತಡೆಯುತ್ತದೆ. ಪ್ಲೈವುಡ್ಡಿನಲ್ಲಿ ಫಲಕ ಕೂರುವ ಗುಂಡಿಯ ಅಂಚನ್ನು ಬೇಕೆಂದೇ ಕೂದಲೆಳೆಯಷ್ಟು ಹೆಚ್ಚು ಆಳ ತೆಗೆದು, ನಾಲ್ಕು ಮೂಲೆಗೂ ಕೆಳಗಿನಿಂದ ಸಣ್ಣ ಸ್ಕ್ರೂ ಕೊಟ್ಟೆ. ಅವನ್ನು ತಿರುಗಿಸಿ ಫಲಕವನ್ನು ಮೇಜಿನ ಮಟ್ಟಕ್ಕೆ ಏರಿಸಬಹುದು. ಗುಂಡಿಯ ಮೂಲೆ ಚೌಕ ಮಾಡುವ ಗೋಜಿಗೆ ಹೋಗದೆ ಅಕ್ರಿಲಿಕ್ಕಿನ ಮೂಲೆಗಳನ್ನೇ ಅರದಿಂದ ಗುಂಡಗೆ ಉಜ್ಜಿದೆ.

ಮರವನ್ನು ಆನಿಸಿ ತಳ್ಳಲು ಒಂದು ತಡೆಪಟ್ಟಿ ಬೇಕು. ಇದರ ಬಗ್ಗೆ ಏನೇನೋ ಊಹಿಸಿಕೊಂಡಿದ್ದೆ. ಮೇಜಿನ ಅಂಚಿಗೆ ಸಮಾನಾಂತರವಾಗಿರಬೇಕು, ಹಳಿ ಬೇಕು, ಅಳತೆ ಗುರುತು ಬೇಕು ಎಂದೆಲ್ಲ. ಏನೂ ಬೇಡ. ಬಿಟ್ ದುಂಡಗಿದೆ, ಪಟ್ಟಿ ಯಾವ ಕೋನದಲ್ಲಿದ್ದರೂ ಅವೆರಡರ ನಡುವಿನ ದೂರವಷ್ಟೇ ಲೆಕ್ಕಕ್ಕೆ. ಹಾಗಾಗಿ ನೇರವಾದ ಸಿಲ್ವರ್ ಓಕ್ ಪಟ್ಟಿಯ ಒಂದು ತುದಿಗೆ ಬೋಲ್ಟ್, ಇನ್ನೊಂದು ತುದಿಗೆ ಸಿ-ಕ್ಲ್ಯಾಂಪ್. ಬಿಟ್ ಸರಿಯಾಗಿ ಮಧ್ಯದಲ್ಲಿರುವುದರಿಂದ ಕ್ಲ್ಯಾಂಪಿನ ತುದಿಯನ್ನು 2 ಎಂ.ಎಂ. ಸರಿಸಿದರೆ ಬಿಟ್ಟಿನ ಹತ್ತಿರ ಸರಿಯುವುದು ಒಂದೇ ಎಂ.ಎಂ. ಸೂಕ್ಷ್ಮ ಅಳತೆ ಪುಕ್ಕಟೆ ಸಿಕ್ಕಿತು!

ಸಂಜೆ ಪಕ್ಕದ ಬೀದಿಯ ಆಚಾರ್ರು ಬಂದು ಬಗ್ಗಿ ನೋಡಿದರು.

"ಇದು ಮೈಕಾ ಅಂಚು ಹೊಡೆಯೋ ಮೆಷಿನ್ನಲ್ವೇನಮ್ಮ? ಇದನ್ಯಾಕೆ ಹಿಂಗೆ ನೇತಾಕಿದೀರಾ?"

ಹೇಳಿದೆ. ಒಂದು ತುಂಡು ತಗೊಂಡು, ಯಂತ್ರ ಆಫ್ ಇದ್ದಾಗಲೇ, ಕೈಯಲ್ಲಿ ಟ್ರಿಮ್ಮರ್ ಹಿಡಿದ ಅಭ್ಯಾಸದಂತೆ ಎಡದಿಂದ ಬಲಕ್ಕೆ ಜರುಗಿಸಿದರು.

"ಇಲ್ಲಿ ಬಲದಿಂದ ಎಡಕ್ಕೆ ಆಚಾರ್ರೇ. ಬಿಟ್ ತಲೆಕೆಳಗಾಗಿದೆಯಲ್ಲ, ಮೇಲಿಂದ ನೋಡಿದರೆ ಅದು ಸುತ್ತೋದೂ ಉಲ್ಟಾ."

ಕ್ಷಣ ಯೋಚಿಸಿ, "ಓ, ಮರ ಬಿಟ್ಟಿಗೆ ಎದುರು ಹೋಗ್ಬೇಕು. ಅದರ ಜೊತೆಗೆ ಹೋದ್ರೆ ಕೈಯಿಂದ ಕಿತ್ಕೊಂಡೋಯ್ತದೆ" ಎಂದರು. ನಾನು ಚಿತ್ರ ಬರೆದು ಅರ್ಥ ಮಾಡಿಕೊಂಡದ್ದು ಅವರಿಗೆ ನಿಂತಲ್ಲೇ ಹೊಳೆಯಿತು. ಮೇಜಿನ ಮೇಲೆ ಕೆಂಪು ಮಾರ್ಕರಿನಲ್ಲಿ ಬಾಣದ ಗುರುತು ಹಾಕಿದೆ. ಮರವನ್ನು ಬಿಟ್ಟಿಗೂ ಪಟ್ಟಿಗೂ ನಡುವೆ ತೂರಿಸಲೇಬಾರದು ಎಂಬುದನ್ನೂ ಅವರೇ ಹೇಳಿದರು.

ಜೂನ್ 12, ಬುಧವಾರ

ಮಳೆ, ಕರೆಂಟು ಹೋಗಿ ಬಂದು ಮಾಡುತ್ತಿದೆ. ಟ್ರಿಮ್ಮರಿನ ಸ್ವಿಚ್ಚು ಜಾರಿಸುವಂಥದ್ದು, ಆನ್ ಮಾಡಿದರೆ ಹಾಗೇ ಇರುತ್ತದೆ. ಕರೆಂಟು ಹೋದಾಗ ಆರಿಸಲು ಮರೆತು, ಬಿಟ್ಟಿನ ಪಕ್ಕ ಕೈಯಿಟ್ಟು ಹೊಟ್ಟು ಗುಡಿಸುತ್ತಿರುವಾಗ ಕರೆಂಟು ಬಂದರೆ? ನಿಮಿಷಕ್ಕೆ 30,000 ಸುತ್ತು. ನಮ್ಮ ಊರುಗಳಲ್ಲಿ ಇದು ದೂರದ ಭಯವಲ್ಲ. ಹಾಗಾಗಿ ನೋ-ವೋಲ್ಟ್ ಸ್ವಿಚ್ ತಂದೆ: ಕರೆಂಟು ಹೋದರೆ ತಾನೇ ಬಿಟ್ಟುಕೊಳ್ಳುತ್ತದೆ, ಮರಳಿ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಸುಮ್ಮನಿರುತ್ತದೆ. ಮೇಜಿನ ಮುಂದುಗಡೆ, ಮೊಣಕಾಲು ತಾಗಿಸಿಯೂ ಆರಿಸಲಾಗುವ ಎತ್ತರಕ್ಕೆ ಹಾಕಿಸಿದೆ. ಎಲೆಕ್ಟ್ರಿಷಿಯನ್ ಕೂಲಿ ಸೇರಿ ಸಾವಿರದ ಹತ್ತಿರ, ಮೇಜಿನ ಮರಕ್ಕಿಂತ ಮೂರು ಪಟ್ಟು. ಅಮ್ಮ "ಒಂದು ಸ್ವಿಚ್ಚಿಗಾ?" ಎಂದರು. ಹೌದು, ಒಂದು ಸ್ವಿಚ್ಚಿಗೇ.

ಜೂನ್ 16, ಭಾನುವಾರ

ಕಚ್ಚು ಹೊಡೆದೆ. ಬಿಟ್ಟನ್ನು ಅದನ್ನು ಹಿಡಿಯುವ ಕಾಲೆಟ್ಟಿನ ತಳ ಮುಟ್ಟಿಸಿ, ಒಂದೆರಡು ಎಂ.ಎಂ. ಹಿಂದೆಳೆದು ಬಿಗಿದೆ. ತಳಕ್ಕೆ ತಾಗಿಸಿಯೇ ಬಿಗಿದರೆ ಹಿಡಿತ ಸರಿಯಾಗಿ ಕೂರುವುದಿಲ್ಲ. ಎತ್ತರ ಅಳೆಯಲು 6 ಎಂ.ಎಂ. ಡ್ರಿಲ್ ಬಿಟ್ಟಿನ ಬುಡವನ್ನು ಪಕ್ಕದಲ್ಲಿ ಮಲಗಿಸಿ ಬೆರಳಾಡಿಸಿದೆ. ಕಣ್ಣಿಗಿಂತ ಬೆರಳಿಗೇ ಚೆನ್ನಾಗಿ ಗೊತ್ತಾಗುತ್ತದೆ. ತಿರುಪು ಸಡಿಲಿಸಿದಾಗ ಮೋಟಾರು ತನ್ನ ಭಾರಕ್ಕೆ ಕೆಳಗೆ ಜಾರುವುದೊಂದು ಕಿರಿಕಿರಿ, ಎಡಗೈಯಲ್ಲಿ ಹಿಡಿದೇ ಇರಬೇಕು.

ಆರು ಎಂ.ಎಂ. ಆಳವನ್ನು ಒಂದೇ ಸಲ ತೆಗೆಯದೆ, ಎರಡೆರಡು ಎಂ.ಎಂ. ಏರಿಸುತ್ತ ಹೋದೆ. ನಿಧಾನವಾದರೆ ಮರ ಸುಟ್ಟು ಕಪ್ಪಾಗುತ್ತದೆ, ಅವಸರಿಸಿದರೆ ಸಿಬಿರು ಏಳುತ್ತದೆ; ಯಂತ್ರದ ದನಿ ಏರಿಳಿಯದೆ ಒಂದೇ ಸಮ ಇರುವುದೇ ಸರಿಯಾದ ವೇಗ. ಸಣ್ಣ ಪಟ್ಟಿಗಳನ್ನು ತಳ್ಳುವ ಬದಲು ಅಗಲ ಹಲಗೆಯ ಎರಡೂ ಅಂಚಿಗೆ ಕಚ್ಚು ಹೊಡೆದು, ಆಮೇಲೆ ಪಟ್ಟಿಗಳಾಗಿ ಕೊಯ್ದೆ, ಬೆರಳು ದೂರವೇ ಉಳಿಯುತ್ತದೆ. ಕೊನೆಯ ತುಂಡನ್ನು ತಳ್ಳಲು ಮರದ ಹಿಡಿಯಡಿ ಹಳೇ ಹವಾಯಿ ಚಪ್ಪಲಿಯ ಅಟ್ಟೆ ಅಂಟಿಸಿದ್ದೇನೆ. ಅಂಗಡಿಯದ್ದಕ್ಕಿಂತ ಚೆನ್ನಾಗಿ ಕಚ್ಚುತ್ತದೆ ಅಂದುಕೊಳ್ಳುವುದು ನನ್ನ ಜಂಬ ಇರಬಹುದು.

ಜೂನ್ 22, ಶನಿವಾರ

ಇವತ್ತು ತಟ್ಟೆಯೊಂದರ ನಾಲ್ಕೂ ಅಂಚು ಗುಂಡಗೆ ಮಾಡಿದೆ. ಮೊದಲು ನಾರು ಕಡಿಯುವ ಎರಡು ತುದಿಗಳು, ಆಮೇಲೆ ನಾರಿನುದ್ದದ ಅಂಚುಗಳು. ತುದಿಯಲ್ಲಿ ಎದ್ದ ಸಿಬಿರನ್ನು ಉದ್ದದ ಓಟ ಕತ್ತರಿಸಿಕೊಂಡು ಹೋಯಿತು. ಆಚಾರ್ರು ತಮ್ಮ ದೇವರ ಮಂಟಪದ ಬಾಗಿಲಿಗೆ ಅಗಲ ಬಿಟ್ ಹಾಕಿ ಕೊಡುತ್ತೀರಾ ಎಂದು ಕೇಳಿದರು. ಆಗುವುದಿಲ್ಲ ಎಂದೆ: 530 ವ್ಯಾಟಿನ ಈ ಪುಟ್ಟ ಯಂತ್ರದ ವೇಗ ಇಳಿಸಲು ಬರುವುದಿಲ್ಲ, ಅಷ್ಟು ಅಗಲದ ಬಿಟ್ಟನ್ನು ಈ ವೇಗದಲ್ಲಿ ತಿರುಗಿಸುವುದು ಅಪಾಯ. ಸಣ್ಣ ಗುಂಡಂಚಿನ ಬಿಟ್ ಹಾಕಿ ಬಾಗಿಲಿನ ಪಟ್ಟಿಗಳನ್ನು ಬೇಕಾದರೆ ಮಾಡಿಕೊಡುತ್ತೇನೆ. ನಾಳೆ ಹತ್ತಕ್ಕೆ ಹಲಸಿನ ಮರದ ಪಟ್ಟಿ ತರುತ್ತಾರಂತೆ.