ಬೇಸಿಗೆಯ ಕ್ರಿಸ್‌ಮಸ್ಸು

ಕ್ರಿಸ್‌ಮಸ್ ಅಂದ್ರೆ ಹಿಮ, ಚಳಿ, ಸ್ವೆಟರು ಅಂತ ಗ್ರೀಟಿಂಗ್ ಕಾರ್ಡುಗಳು ನಮಗೆಲ್ಲ ಕಲಿಸಿಬಿಟ್ಟಿವೆ. ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ಅಂದ್ರೆ ಬೇಸಿಗೆ! ಮೆಲ್ಬರ್ನ್ ಹತ್ತಿರದ ಜೀಲಾಂಗಿನಲ್ಲಿ ನನ್ನ ಗಂಡನ ಮನೆ. ಅಲ್ಲಿ ಉತ್ತರದ ಗಾಳಿ ಬೀಸಿತು ಅಂದ್ರೆ ಒಳನಾಡಿನ ಮರುಭೂಮಿ ಬಿಸಿಯೆಲ್ಲ ಮುಖಕ್ಕೇ ಬಂದು ಹೊಡೆಯುತ್ತೆ. ಎಷ್ಟೋ ಮನೆಗಳಲ್ಲಿ ಈಗ ತಣ್ಣಗಿನ ಸೀಗಡಿ, ಪಾವ್ಲೋವಾ ಅಷ್ಟಕ್ಕೇ ಮುಗಿಸ್ತಾರೆ. ನಮ್ಮತ್ತೆ ಮಾತ್ರ ಇಂಗ್ಲೆಂಡಿನ ಚಳಿಗಾಲದ ಅಡುಗೆಯನ್ನ 38 ಡಿಗ್ರಿಯಲ್ಲೂ ಬಿಟ್ಟವರಲ್ಲ. (ಇಲ್ಲಿ ಅತ್ತೆಯನ್ನ ಹೆಸರು ಹಿಡಿದೇ ಕರೀತಾರೆ. ನನಗೆ ಬಾಯೇ ಬರಲ್ಲ, 'ಅತ್ತೆ' ಅಂತೀನಿ, ಅವರೂ ಓಗೊಡ್ತಾರೆ :-))

ಏಪ್ರಿಲ್‌ನಲ್ಲಿ ಮಾವ ತೀರಿಕೊಂಡರು. ನಮ್ಮ ಕಡೆಯಾದ್ರೆ ವರ್ಷ ತುಂಬೋವರೆಗೂ ಹಬ್ಬ ಇಲ್ಲ. ಅಜ್ಜ ಹೋದ ವರ್ಷ ಯುಗಾದಿಗೆ ನಮ್ಮನೆ ಬಾಗಿಲಿಗೆ ತೋರಣ ಕಟ್ಟಲಿಲ್ಲ, ಪಕ್ಕದ ಮನೆಯವರು ಒಬ್ಬಟ್ಟು ಕೊಟ್ಟು ಕಳಿಸಿದ್ರು. ಆಗ ಚಿಕ್ಕವಳು, ಬೇಜಾರಾಗಿತ್ತು. ಈಗ ಅನ್ಸುತ್ತೆ, ಆ ಒಂದು ವರ್ಷ ಯಾರ ಮುಂದೆಯೂ ಅಜ್ಜಿ ನಗಬೇಕಾಗಿರಲಿಲ್ಲವಲ್ಲ.

ಅತ್ತೆಗೆ ಅಂಥ ರಜೆ ಇರಲಿಲ್ಲ. ನವೆಂಬರ್ ಕೊನೆಗೇ ಪುಡ್ಡಿಂಗ್ ಮಾಡಿದ್ರು. ಒಣದ್ರಾಕ್ಷಿ, ಬ್ರೆಡ್ ಪುಡಿ ಎಲ್ಲ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಗಂಟೆಗಟ್ಟಲೆ ಕುದಿಸಿ ನೇತುಹಾಕೋದು. ಅದಕ್ಕೆ ದನದ ಕೊಬ್ಬು ಹಾಕ್ತಾರೆ, ನಾನು ತಿನ್ನಲ್ಲ ಅಂತ ಬೆಣ್ಣೆ ಹಾಕಿದ ಪುಟ್ಟ ಗಂಟೊಂದು ಬೇರೆ! ಒಳಗೆ ಹಳೇ ಬೆಳ್ಳಿಯ ಮೂರು ಪೆನ್ನಿ ನಾಣ್ಯಗಳು. 1966ರಲ್ಲಿ ಡಾಲರು ಬಂದ ಮೇಲೆ ಅವು ಚಲಾವಣೆಯಲ್ಲಿಲ್ಲ, ಅತ್ತೆ ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಾರೆ. ನಾಣ್ಯ ಸಿಕ್ಕ ಮಕ್ಕಳು ಅದನ್ನ ಅವರಿಗೆ ಕೊಟ್ಟು ಒಂದು ಡಾಲರು ಇಸ್ಕೋಬೇಕು. ಡಾಲರು ಹಂಚೋದು ಮಾವನ ಕೆಲಸವಾಗಿತ್ತು.

ಹಿಂದಿನ ಸಂಜೆ ಟೀವಿಯಲ್ಲಿ ಮೆಲ್ಬರ್ನಿನ ಕ್ಯಾರಲ್ಸ್. ಮೇಣದ ಬತ್ತಿ ಹಿಡಿದು ಸಾವಿರಾರು ಜನ ಹಾಡ್ತಾರೆ, ಆದ್ರೆ ಎಂಟೂವರೆಯಾದ್ರೂ ಸೂರ್ಯ ಮುಳುಗಿರಲ್ಲ! 1938ರಲ್ಲಿ ಇದನ್ನ ಶುರು ಮಾಡಿದ್ದು ನಾರ್ಮನ್ ಬ್ಯಾಂಕ್ಸ್ ಅನ್ನೋ ರೇಡಿಯೋದವರು. ಹಿಂದಿನ ವರ್ಷ ಕ್ರಿಸ್‌ಮಸ್ಸಿನ ಮುನ್ನಾ ರಾತ್ರಿ ಕೆಲಸ ಮುಗಿಸಿ ಹೋಗ್ತಿದ್ದಾಗ, ಕಿಟಕಿಯೊಳಗೆ ಒಬ್ಬ ಹೆಂಗಸು ಮೇಣದ ಬತ್ತಿ ಬೆಳಕಲ್ಲಿ ಒಂಟಿಯಾಗಿ ಕೂತು ರೇಡಿಯೋ ಹಾಡಿಗೆ ದನಿಗೂಡಿಸ್ತಿದ್ದಳಂತೆ. ಈ ಕಥೆ ಹೇಳಿದ್ದು ಅತ್ತೆಯೇ. ಹೇಳಿ, ಟೀವಿ ಸೌಂಡು ಜಾಸ್ತಿ ಮಾಡಿದ್ರು.

ಮರುದಿನ ಮಧ್ಯಾಹ್ನ ಓವನ್ನಿನ ಬಿಸಿ, ಹೊರಗಿನ ಬಿಸಿ. ಎಲ್ಲರ ತಲೆ ಮೇಲೂ ಕ್ರ್ಯಾಕರಿನಿಂದ ಬಂದ ಕಾಗದದ ಕಿರೀಟ, ಬೆವರಿಗೆ ಅದರ ಬಣ್ಣ ಹಣೆಗೆ ಇಳೀತಿತ್ತು. ಹ್ಯಾಮ್ ಬಂತು. ಅದನ್ನ ಕತ್ತರಿಸ್ತಿದ್ದದ್ದೂ ಮಾವನೇ. ಅತ್ತೆ ಚಾಕು ನನ್ನ ಗಂಡನ ಕಡೆ ಚಾಚಿದ್ರು. ಅವನು ಎದ್ದವನು ಹಾಗೇ ನಿಂತ, ತಲೆಯಾಡಿಸಿದ. ಮಾತೇ ಆಡದೆ ಅತ್ತೆ ತಾವೇ ಕತ್ತರಿಸಿದ್ರು. ದಪ್ಪ ದಪ್ಪ, ಅಡ್ಡಾದಿಡ್ಡಿ ತುಂಡುಗಳು. ಮಾಂಸ ಮುಟ್ಟದ ನಾನು ತಟ್ಟೆಗಳನ್ನ ಒಂದೊಂದಾಗಿ ಹಿಡಿದುಕೊಡ್ತಾ ಅವರ ಪಕ್ಕದಲ್ಲೇ ನಿಂತೆ. ಒಬ್ಬರೂ ಏನೂ ಅನ್ನಲಿಲ್ಲ, ಎಲ್ಲರೂ ತಿಂದ್ರು. ಆಮೇಲೆ ಡಾಲರುಗಳನ್ನೂ ಅವರೇ ಹಂಚಿದ್ರು.

ನಾಲ್ಕರ ಹೊತ್ತಿಗೆ ನೈಋತ್ಯದ ಗಾಳಿ ನುಗ್ಗಿತು. ಇಲ್ಲಿ ಹಾಗೇ, ನೋಡ್ತಾ ನೋಡ್ತಾ ಹತ್ತು ಹದಿನೈದು ಡಿಗ್ರಿ ಇಳಿದುಬಿಡುತ್ತೆ. ಕಿಟಕಿಗಳನ್ನೆಲ್ಲ ತೆಗೆದ್ವಿ, ಕಾಗದದ ಕಿರೀಟಗಳು ಹಾರಾಡಿದ್ವು.

ಐದಕ್ಕೆ ಅಮ್ಮನಿಗೆ ಫೋನ್ ಮಾಡಿದೆ, ಹಾಸನದಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ. ಎಲ್ಲ ಕೇಳಿಸಿಕೊಂಡು, "ಅವರಿಗೆ ಅಂತ ಒಂದು ಎಡೆ ಇಟ್ಟಿದ್ರಾ?" ಅಂದ್ರು.

"ಇಲ್ಲಮ್ಮ. ಅವರ ಕುರ್ಚಿ ಮೇಲೆ ಕೊನೇ ಮೊಮ್ಮಗ ಕೂತಿದ್ದ."

"ಸರಿ ಬಿಡು," ಅಂದ್ರು ಅಮ್ಮ. "ಚೆನ್ನಾಗಿ ಊಟ ಮಾಡಿದ್ನಾ?"