ಕಡಲಾಚೆಯ ವಾರೀಸು

ದುಬೈ ಎಂದಾಗ ನಿಮಗೆ ಏನು ನೆನಪಾಗುತ್ತದೆ? ದೇರಾದ ಚಿನ್ನದ ಮಾರುಕಟ್ಟೆ, ಬುರ್ಜ್ ಖಲೀಫಾದ ತುದಿ, ರಜೆಯಲ್ಲಿ ಬಂದವರ ಪೆಟ್ಟಿಗೆ ತೆರೆದಾಗ ಮನೆ ತುಂಬುವ ಅತ್ತರಿನ ಪರಿಮಳ. ನಮ್ಮ ಕರಾವಳಿಯ ಮನೆಗಳಲ್ಲಿ ಆ ಊರಿನ ಹೆಸರು ಕೇಳದ ಮಗುವಿಲ್ಲ. ಆದರೆ ಪ್ರವಾಸಿಗರು ಸುಳಿಯದ ಒಂದು ಜಾಗವೂ ಅಲ್ಲಿದೆ. ವಿಮಾನ ನಿಲ್ದಾಣಕ್ಕೆ ಸಮೀಪದ ಗರ್‌ಹೂದ್ ಎಂಬಲ್ಲಿ ಕುಟುಂಬ ವ್ಯಾಜ್ಯಗಳ ನ್ಯಾಯಾಲಯವಿದೆ. ನಿಕಾಹ್, ತಲಾಕ್, ಮಕ್ಕಳ ಪಾಲನೆ, ವಾರೀಸು ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ನಿಮ್ಮ ಪತಿಯೋ ಮಗನೋ ಅಳಿಯನೋ ಆ ಊರಿನಲ್ಲಿ ದುಡಿಯುತ್ತಿದ್ದರೆ ಆ ಕಟ್ಟಡದ ಬಗ್ಗೆ ನೀವು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ನಮ್ಮ ಬಂಧು ಬಳಗದ ಓರ್ವ ಸಹೋದರಿ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಮುಗಿಸಿ, ತಮ್ಮನ ಜೊತೆಗೆ ದುಬೈಗೆ ಹೊರಟಾಗ ನಾನೂ ಜೊತೆಗೂಡಬೇಕಾಯಿತು. ಅರಬಿ ಓದಿ ಅರ್ಥ ಹೇಳುವವರೊಬ್ಬರು ಬೇಕಿತ್ತು. ಅವರ ಪತಿ ಇಪ್ಪತ್ತು ವರ್ಷ ಅಲ್ಲಿ ದುಡಿದವರು. ಖಾತೆಯಲ್ಲಿ ಹಣವಿತ್ತು, ಕಂಪೆನಿಯಿಂದ ಸೇವಾವಧಿಯ ಗ್ರಾಚ್ಯುಟಿ ಬರಬೇಕಿತ್ತು. ಅಲ್ಲಿನ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಆ ಬಳಿಕ ವರ್ಷಕ್ಕೆ 30 ದಿನಗಳದ್ದು. ಚಿಕ್ಕ ಮೊತ್ತವೇನಲ್ಲ. ಆದರೆ ಮರಣದ ಸುದ್ದಿ ತಲುಪಿದ ಕೂಡಲೇ ಬ್ಯಾಂಕ್ ಖಾತೆಗೆ ಬೀಗ ಬೀಳುತ್ತದೆ. ಜಂಟಿ ಖಾತೆಯಾದರೂ ತೀರಿಕೊಂಡವರ ಪಾಲನ್ನು ತಡೆಹಿಡಿಯುತ್ತಾರೆ. ಬೀಗ ತೆರೆಯಲು ವಾರೀಸುದಾರರು ಯಾರು ಯಾರೆಂದು ನ್ಯಾಯಾಲಯ ಬರೆದುಕೊಡಬೇಕು.

ದೇರಾದಲ್ಲಿ ಉಳಿದುಕೊಂಡಿದ್ದೆವು. ಮೊದಲ ದಿನ ಭಾರತದ ಕಾನ್ಸುಲೇಟ್‌ಗೆ ಹೋಗಲು ಅಬ್ರಾ ದೋಣಿಯಲ್ಲಿ ಖಾಡಿ ದಾಟಿ ಬರ್‌ದುಬೈಗೆ ಬಂದೆವು. ಒಂದೇ ದಿರ್‌ಹಮ್. ನೀರಿನ ಮೇಲೆ ತಂಗಾಳಿ, ಆಚೆ ದಡದಲ್ಲಿ ಹಳೆಯ ಮಣ್ಣಿನ ಬಣ್ಣದ ಗಾಳಿಗೋಪುರಗಳು. ನೇತ್ರಾವತಿಯ ಕಡವು ದಾಟಿ ಬೆಳೆದವರಿಗೆ ಅಪರಿಚಿತವೆನಿಸದ ಪಯಣ. ಆ ಸಹೋದರಿ ಮಾತ್ರ ಮಡಿಲಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಎರಡೂ ಕೈಗಳಿಂದ ಅಪ್ಪಿ ಹಿಡಿದಿದ್ದರು. ಕಾಗದ ಪತ್ರಗಳೆಲ್ಲ ಅದರೊಳಗಿದ್ದವು.

ನಿಜವಾದ ಕಷ್ಟ ಶುರುವಾದದ್ದು ಟೈಪಿಂಗ್ ಸೆಂಟರ್‌ನಲ್ಲಿ. ಈಗ ಅರ್ಜಿಗಳು ಹೆಚ್ಚಾಗಿ ಕಂಪ್ಯೂಟರ್ ಮೂಲಕವೇ ಹೋಗುತ್ತವೆ. ಇಂಥ ಸೆಂಟರ್‌ಗಳಲ್ಲಿ ಅರಬಿಯಲ್ಲಿ ಬರೆದು ಕೊಡುತ್ತಾರೆ. ಒಂದು ಮೇಜಿನಲ್ಲಿ ಮಲಯಾಳ, ಇನ್ನೊಂದರಲ್ಲಿ ಉರ್ದು, ನಮ್ಮ ಪಕ್ಕದಲ್ಲಿ ಯಾರೋ ಬ್ಯಾರಿಯಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದರು. ಅರ್ಜಿಯಲ್ಲಿದ್ದ 'ತರಿಕಾ', 'ವರಸಾ' ಎಂಬ ಪದಗಳು ಮದ್ರಸದಲ್ಲಿ ಓದಿದ ಫಿಕ್‌ಹ್ ಕಿತಾಬುಗಳವೇ. ತರಿಕಾ ಎಂದರೆ ಮೃತರು ಬಿಟ್ಟುಹೋದ ಸೊತ್ತು, ವರಸಾ ಎಂದರೆ ವಾರೀಸುದಾರರು. ಕಿತಾಬಿನ ಮಾತುಗಳು ಸರಕಾರಿ ಅರ್ಜಿಯಲ್ಲಿ ಜೀವಂತವಾಗಿರುವುದನ್ನು ಕಂಡು ಒಂದು ಕ್ಷಣ ಸಂತೋಷವಾಯಿತು.

ಅಷ್ಟರಲ್ಲಿ ಟೈಪಿಸ್ಟ್ ಕೇಳಿದರು: "ಈ ಮೂವರು ಹೆಂಗಸರು ಯಾರು?" ಮೂವರಲ್ಲ, ಒಬ್ಬರೇ! ಪಾಸ್‌ಪೋರ್ಟ್‌ನಲ್ಲಿ 'ಫಾತಿಮತ್ ಝೊಹರಾ', ನಿಕಾಹ್ ಪುಸ್ತಕದಲ್ಲಿ ಬರೀ 'ಝೊಹರಾ', ಮಗನ ಜನನ ಪತ್ರದಲ್ಲಿ 'ಝುಹರಾಬಿ' ಎಂಬಂತಹ ಗೊಂದಲ. (ಇದು ಉದಾಹರಣೆಗೆ ಹೇಳಿದ ಹೆಸರು.) ನಿಮ್ಮ ಮನೆಯ ಪತ್ರಗಳನ್ನು ಒಮ್ಮೆ ಹರಡಿ ನೋಡಿ. ಮೂರೂ ಕಡೆ ಒಂದೇ ಹೆಸರಿದ್ದರೆ ಅಲ್‌ಹಮ್ದುಲಿಲ್ಲಾಹ್. ಇಲ್ಲವಾದರೆ ಪತಿ ಜೀವಂತವಿರುವಾಗಲೇ ಸರಿಪಡಿಸುವುದು ಸುಲಭ. ಮರಣದ ನಂತರ ಪ್ರತಿಯೊಂದಕ್ಕೂ ಅಫಿಡವಿಟ್ ಬೇಕು, ಅದಕ್ಕೆ ದೃಢೀಕರಣ ಬೇಕು, ಅದರ ಭಾಷಾಂತರವೂ ಬೇಕು.

ದೃಢೀಕರಣದ ದಾರಿಯೂ ಉದ್ದ. ಭಾರತ 2005ರಲ್ಲಿ ಅಪೊಸ್ಟಿಲ್ ಒಪ್ಪಂದ ಸೇರಿತು. ಒಮಾನ್, ಬಹರೈನ್, 2022ರಲ್ಲಿ ಸೌದಿ ಅರೇಬಿಯಾವೂ ಸೇರಿದ್ದರಿಂದ ಅಲ್ಲಿಗೆ ಹೋಗುವ ಪತ್ರಗಳಿಗೆ ಕೇಂದ್ರದ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಇದ್ದರೆ ರಾಯಭಾರ ಕಚೇರಿ ಸುತ್ತಬೇಕಾಗಿಲ್ಲ. ನಾವು ಹೋದಾಗ ದುಬೈಗೆ ಈ ಸೌಕರ್ಯವಿರಲಿಲ್ಲ. ರಾಜ್ಯ ಸರಕಾರ, ಕೇಂದ್ರದ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಇಲಾಖೆ ಹೀಗೆ ಒಂದರ ಮೇಲೊಂದು ಮುದ್ರೆ. ಜಮಾಅತಿನ ನಿಕಾಹ್ ಪತ್ರವೊಂದೇ ಈ ದಾರಿಯಲ್ಲಿ ಬಹಳ ದೂರ ಹೋಗದು. ಕರ್ನಾಟಕದಲ್ಲಿ 2023ರಲ್ಲಿ ವಕ್ಫ್ ಮಂಡಳಿಯ ಜಿಲ್ಲಾ ಅಧಿಕಾರಿಗಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಿದ್ದರು; 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಆದುದರಿಂದ ನಿಕಾಹ್ ಆದ ಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಮದುವೆ ಮಂಟಪಕ್ಕೆ ಲಕ್ಷ ಸುರಿಯುವ ನಾವು ಈ ಒಂದು ಬೆಳಗ್ಗೆಗೆ ಬಿಡುವಿಲ್ಲವೆನ್ನುತ್ತೇವೆ.

ಗರ್‌ಹೂದ್‌ನಲ್ಲಿ ನಮ್ಮ ಕೆಲಸ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಣ್ಣನೆಯ ಸಭಾಂಗಣ, ಟೋಕನ್ ಸಂಖ್ಯೆ, ಬೇರೆ ಬೇರೆ ದೇಶಗಳ ಹೆಂಗಸರು. ಇಬ್ಬರು ಸಾಕ್ಷಿಗಳು ಮೃತರ ಕುಟುಂಬವನ್ನು ಬಲ್ಲೆವೆಂದು ಹೇಳಿದರು. ಪಾಲಿನ ಲೆಕ್ಕ ಕುರ್‌ಆನ್‌ನದ್ದೇ ಆದುದರಿಂದ ಅದನ್ನು ನಾನು ಮೊದಲೇ ಬರೆದಿಟ್ಟಿದ್ದೆ. ಪತ್ನಿ, ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣು ಮಕ್ಕಳು. ಪತ್ನಿಗೆ ಎಂಟನೇ ಒಂದು, ತಾಯಿಗೆ ಆರನೇ ಒಂದು, ಉಳಿದುದರಲ್ಲಿ ಮಗನಿಗೆ ಮಗಳ ಎರಡರಷ್ಟು. ಒಟ್ಟು 96 ಪಾಲು ಮಾಡಿದರೆ ಪತ್ನಿಗೆ 12, ತಾಯಿಗೆ 16, ಮಗನಿಗೆ 34, ಹೆಣ್ಣು ಮಕ್ಕಳಿಗೆ ತಲಾ 17. ಊರಿನಲ್ಲಿ "ಎಲ್ಲವೂ ಮಗನ ಹೆಸರಿಗಿರಲಿ" ಎಂದು ಹೆಣ್ಣು ಮಕ್ಕಳಿಂದ ಸಹಿ ಹಾಕಿಸುವವರಿದ್ದಾರಲ್ಲ, ಅವರು ಒಮ್ಮೆ ಆ ಸಭಾಂಗಣದಲ್ಲಿ ಕುಳಿತು ಬರಬೇಕು.

ಊರಿನ ಮನೆ, ಜಮೀನು ಮಾತ್ರ ಆ ನ್ಯಾಯಾಲಯದ ಕೈಗೆ ಬರುವುದಿಲ್ಲ. ಅದನ್ನು ಇಲ್ಲಿಯೇ ನೋಡಿಕೊಳ್ಳಬೇಕು. ಇಲ್ಲಿನ ಬ್ಯಾಂಕಿನ ಹಣಕ್ಕೆ 1925ರ ಕಾನೂನಿನಂತೆ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಮಕ್ಕಳು ಚಿಕ್ಕವರಾಗಿದ್ದರೆ ಅವರ ಸೊತ್ತಿನ ಹೊಣೆ ತಾಯಿಗೆ ತಾನಾಗಿ ಬರುವುದಿಲ್ಲ, ನ್ಯಾಯಾಲಯ ನೇಮಿಸಬೇಕು ಎಂಬುದೂ ಹಲವರಿಗೆ ಗೊತ್ತಿಲ್ಲ.

ಅದೇ ಕಟ್ಟಡದಲ್ಲಿ ತಲಾಕ್ ವ್ಯಾಜ್ಯಗಳಿಗಾಗಿ ಕಾಯುತ್ತಿದ್ದವರೂ ಇದ್ದರು. ವಾಟ್ಸಾಪ್‌ನಲ್ಲಿ ಮೂರು ತಲಾಕ್ ಬರೆದು ಕಳಿಸಿದರೆ 2019ರ ಕಾನೂನಿನಂತೆ ಭಾರತದಲ್ಲಿ ಅದು ಅಸಿಂಧು, ಶಿಕ್ಷಾರ್ಹವೂ ಹೌದು. ಯುಎಇಯಲ್ಲಿ 2025ರ ಏಪ್ರಿಲ್ 15ರಿಂದ ಜಾರಿಯಾದ ಹೊಸ ಕಾನೂನಿನಂತೆ ತಲಾಕ್ ಹೇಳಿದ ಪತಿ 15 ದಿನಗಳೊಳಗೆ ನ್ಯಾಯಾಲಯದಲ್ಲಿ ದಾಖಲಿಸಬೇಕು. ಇನ್ನೊಂದು ಮಾತು: 2020ರ ಜನವರಿಯಲ್ಲಿ ಭಾರತ ಸರಕಾರ ಯುಎಇಯನ್ನು ಪರಸ್ಪರ ಮಾನ್ಯತೆಯ ದೇಶವೆಂದು ಘೋಷಿಸಿತು. ಅಲ್ಲಿನ ನ್ಯಾಯಾಲಯ ಹಣ ಕೊಡುವಂತೆ ತೀರ್ಪಿತ್ತರೆ ಅದನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದ ಮೂಲಕ ಜಾರಿಗೆ ತರಲು ಕೇಳಬಹುದು. ಊರಿಗೆ ಓಡಿ ಬಂದರೆ ಬಚಾವ್ ಎಂಬ ಕಾಲ ಹಿಂದಿನಂತಿಲ್ಲ.

ಕೊನೆಯ ದಿನ ಮತ್ತೆ ಟೈಪಿಂಗ್ ಸೆಂಟರ್. ನಿಕಾಹ್ ಪತ್ರದ ಮಹ್ರ್‌ನ ಸಾಲಿನಲ್ಲಿ '5 ಪವನ್, ಬಾಕಿ' ಎಂದಿತ್ತು. ಹಳೆಯ ಖತೀಬರು ಶಾಯಿಯಲ್ಲಿ ಅಚ್ಚುಕಟ್ಟಾಗಿ ಬರೆದದ್ದು. ಆ ಸಹೋದರಿಗೆ ಅದು ಮರೆತೇ ಹೋಗಿತ್ತು, ಕೇಳಲು ಸಂಕೋಚವೂ ಇತ್ತು. ಆದರೆ ಕೊಡದ ಮಹ್ರ್ ಪತಿಯ ಮೇಲಿನ ಸಾಲ. ಸಾಲ ತೀರಿದ ಮೇಲೆಯೇ ವಸಿಯ್ಯತ್, ಆ ಬಳಿಕ ವಾರೀಸು. ಟೈಪಿಸ್ಟ್‌ಗೆ ಪವನ್ ಎಂದರೇನೆಂದು ಗೊತ್ತಿರಲಿಲ್ಲ. ಒಂದು ಪವನ್‌ಗೆ ಎಂಟು ಗ್ರಾಂ ಎಂದು ಹೇಳಿದೆ. ಅವರು ಅರಬಿಯಲ್ಲಿ 40 ಗ್ರಾಂ ಚಿನ್ನ ಎಂದು ಬರೆದರು. 96 ಪಾಲುಗಳ ಲೆಕ್ಕಕ್ಕೆ ಮೊದಲು ಆ 40 ಗ್ರಾಂನ ಬೆಲೆಯನ್ನು ಬದಿಗೆ ತೆಗೆದಿಟ್ಟೆವು.